ವಾಗ್ದಾನದ ಕಾರ್ಡನ್ನು ಗೋಡೆಗೆ ಅಂಟಿಸುವ ಮುನ್ನ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ಹಲವು ಕನ್ನಡ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಕಾರ್ಡುಗಳ, ಅಂದರೆ ಸತ್ಯವೇದದ (ಬೈಬಲಿನ) ಒಂದೊಂದು ವಾಗ್ದಾನ ಅಚ್ಚಾದ ಚೀಟಿಗಳ, ತಟ್ಟೆ ಸಾಲಿನಿಂದ ಸಾಲಿಗೆ ಸಾಗುತ್ತದೆ. ‘ಕರ್ತನು ನಿನ್ನನ್ನು ತಲೆಯನ್ನಾಗಿ ಮಾಡುವನು, ಬಾಲವನ್ನಾಗಿ ಅಲ್ಲ’ ಎಂಬ ಕಾರ್ಡು ಸಿಕ್ಕವರಿಗೆ ಖುಷಿಯೋ ಖುಷಿ. ಮನೆಗೆ ತಂದು ಕ್ಯಾಲೆಂಡರ್ ಪಕ್ಕ ಅಂಟಿಸುತ್ತಾರೆ, ವಾಟ್ಸಾಪ್ ಸ್ಟೇಟಸ್‌ಗೂ ಹಾಕುತ್ತಾರೆ. ಮಾರ್ಚ್ ಹೊತ್ತಿಗೆ ಅದರ ಅಂಚಿನಲ್ಲಿ ಗ್ಯಾಸ್ ಏಜೆನ್ಸಿಯ ನಂಬರು ಬರೆದಿರುತ್ತದೆ.

ಕಾರ್ಡು ಹಂಚುವುದು ತಪ್ಪೇನಲ್ಲ. ತೊಂದರೆ ಕಾರ್ಡಿನ ಅಳತೆಯದು: ಎರಡು ಸಾಲಿಗಷ್ಟೇ ಜಾಗ. ಧರ್ಮೋಪದೇಶಕಾಂಡ 28:13ರಲ್ಲಿ ತಲೆ-ಬಾಲದ ಮಾತಿನ ಬೆನ್ನಿಗೇ, ದೇವರ ಆಜ್ಞೆಗಳನ್ನು ಕೇಳಿ ಅನುಸರಿಸಿ ನಡೆದರೆ ಎಂಬ ಷರತ್ತಿದೆ. ಅದು ಅಚ್ಚಾಗುವುದಿಲ್ಲ. ಅಚ್ಚಾಗದ ಆ ಭಾಗವನ್ನು ಹುಡುಕುವುದು, ಅದನ್ನು ಒಂದು ವಾರದಲ್ಲಿ ಮಾಡಬಹುದಾದ ಕೆಲಸಕ್ಕೆ ಇಳಿಸುವುದು, ಮಾಡಿ ಮುಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಕಾರ್ಡು ಇಲ್ಲದವರು ಬಾಯಿಪಾಠವಿರುವ ಯಾವುದೇ ವಾಗ್ದಾನದಿಂದ ಶುರು ಮಾಡಬಹುದು.

ಅಧ್ಯಾಯವನ್ನು ಪೂರ್ತಿ ಓದಿ

ಬೇಕಾದ್ದು ಇಷ್ಟೆ: ಸತ್ಯವೇದ, ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಅಡ್ಡಿಯಿಲ್ಲದ ಅರ್ಧ ಗಂಟೆ. ಫೋನಿನಲ್ಲಿ ಓದುವುದಾದರೆ ನೆಟ್ ಆಫ್ ಮಾಡಿಕೊಳ್ಳಿ. ವಚನ ಇರುವ ಇಡೀ ಅಧ್ಯಾಯವನ್ನು ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಬಾಯಿಬಿಟ್ಟು ಓದಿ. ಎರಡನೇ ಸಲ ಓದುವಾಗ ನಾಲ್ಕು ಸಂಗತಿಗಳಿಗೆ ಗುರುತು ಹಾಕಿ. ಯಾರು ಯಾರಿಗೆ ಈ ಮಾತು ಹೇಳುತ್ತಿದ್ದಾರೆ? ‘ಕೇಳಿದರೆ’, ‘ಕೈಕೊಂಡರೆ’, ‘ನಡೆದರೆ’ ಎಂಬಂಥ ಷರತ್ತು ಎಲ್ಲಿದೆ? ‘ಮಾಡು’, ‘ಮಾಡಬೇಡ’ ಎಂಬ ಅಪ್ಪಣೆ ಎಲ್ಲಿದೆ? ಕೊಡುತ್ತೇನೆಂದು ಹೇಳಿದ್ದು ನಿಖರವಾಗಿ ಏನು?

ಹೆಚ್ಚು ಬಳಕೆಯಲ್ಲಿರುವ ನಾಲ್ಕು ವಾಗ್ದಾನಗಳನ್ನು ಹೀಗೆ ಓದಿ ನೋಡೋಣ.

ಯೆರೆಮೀಯ 29:11, ಹಿತದ ಯೋಚನೆಗಳ ವಚನ, ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂಬ ಅವಧಿ ಇದೆ. ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಮರಳಿ ಊರು ಕಾಣುವ ಹಾಗಿರಲಿಲ್ಲ. ಅಪ್ಪಣೆ ಇರುವುದು 5ರಿಂದ 7ರವರೆಗೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಗೆ ಹೋದ ಆ ಪಟ್ಟಣದ ಕ್ಷೇಮಕ್ಕಾಗಿ ದುಡಿದು ಪ್ರಾರ್ಥಿಸಿ. ಬೆಂಗಳೂರಲ್ಲೋ ದುಬೈಯಲ್ಲೋ ಬಾಡಿಗೆ ಮನೆಯಲ್ಲಿದ್ದು ‘ಊರಿಗೆ ಹೋದ ಮೇಲೆ ನೋಡೋಣ’ ಎಂದು ಸಭೆ, ನೆರೆಹೊರೆ, ಸೇವೆ ಎಲ್ಲವನ್ನೂ ಮುಂದೂಡುವವರಿಗೆ ಈ ಕಾರ್ಡು ಬಂದರೆ, ಅವರ ಪಾಲಿನ ಕೆಲಸ ಏನೆಂದು ಬೇರೆ ಹೇಳಬೇಕಿಲ್ಲ.

ಯೆಶಾಯ 58:11 ಚೆನ್ನಾಗಿ ನೀರುಂಡ ತೋಟದ ವಾಗ್ದಾನ. ಅದರ ಮೇಲಿನ ವಚನಗಳು ಉಪವಾಸದ ದಿನವೇ ಕೂಲಿಯಾಳುಗಳನ್ನು ದುಡಿಸಿಕೊಳ್ಳುತ್ತಿದ್ದ ಜನರನ್ನು ತರಾಟೆಗೆ ತೆಗೆದುಕೊಳ್ಳುತ್ತವೆ. ಹಸಿದವನಿಗೆ ಅನ್ನ, ಬೆತ್ತಲೆಯವನಿಗೆ ಬಟ್ಟೆ, ಮನೆಯಿಲ್ಲದವನಿಗೆ ಸೂರು, ಬೆರಳು ತೋರಿಸಿ ಆಡುವ ಮಾತನ್ನು ಬಿಡುವುದು: ಷರತ್ತುಗಳು ಇವು.

ಫಿಲಿಪ್ಪಿಯವರಿಗೆ 4:19, ದೇವರು ಪ್ರತಿಯೊಂದು ಕೊರತೆಯನ್ನೂ ನೀಗಿಸುವನೆಂಬ ಮಾತು, ಎಪಫ್ರೊದೀತನ ಕೈಯಲ್ಲಿ ಪೌಲನಿಗೆ ಸಹಾಯ ಕಳುಹಿಸಿದ್ದ ಸಭೆಗೆ ಬರೆದದ್ದು. ಅವರು ಆಗಲೇ ಕೊಟ್ಟಾಗಿತ್ತು.

ಮಲಾಕಿ 3:10, ದಶಮಾಂಶ (ಆದಾಯದಲ್ಲಿ ಹತ್ತರಲ್ಲೊಂದು ಪಾಲು) ತಂದರೆ ಆಶೀರ್ವಾದ ಸುರಿಸುವೆನೆಂಬ ಮಾತು, ಕಾಣಿಕೆಯ ಭಾನುವಾರಗಳಲ್ಲಿ ಕೇಳಿಬರುವ ವಚನ. ಅದನ್ನು ಓದುವವರು 5ನೇ ವಚನದಿಂದ ಶುರು ಮಾಡಬೇಕೆಂಬುದು ನಮ್ಮ ಪಟ್ಟು. ಅಲ್ಲಿ ದೇವರು ನ್ಯಾಯತೀರ್ಪಿಗೆ ಬರುವುದು ಕೂಲಿಯವನ ಕೂಲಿ ಹಿಡಿದವರ, ವಿಧವೆಯನ್ನೂ ಅನಾಥನನ್ನೂ ಪೀಡಿಸುವವರ, ಪರದೇಶಿಯ ನ್ಯಾಯ ತಪ್ಪಿಸುವವರ ವಿರುದ್ಧ. ಕೂಲಿ ಬಾಕಿ ಇಟ್ಟು ದಶಮಾಂಶ ಕೊಟ್ಟರೆ ಐದು ವಚನಗಳನ್ನು ಹಾರಿಸಿದಂತೆ.

ಎಲ್ಲ ವಾಗ್ದಾನಕ್ಕೂ ಷರತ್ತು ಇರುವುದಿಲ್ಲ, ಬಲವಂತವಾಗಿ ಹುಡುಕಬೇಡಿ. ಆದಿಕಾಂಡ 9ರ ಮುಗಿಲುಬಿಲ್ಲಿನ ಒಡಂಬಡಿಕೆಗೆ ನೋಹನಿಂದ ದೇವರು ಏನನ್ನೂ ಕೇಳಲಿಲ್ಲ. ಮತ್ತಾಯ 5:45ರ ಪ್ರಕಾರ ಬಿಸಿಲು ಮಳೆ ಕೆಟ್ಟವರಿಗೂ ಒಳ್ಳೆಯವರಿಗೂ ಒಂದೇ. ಅಂಥ ವಚನ ಬಂದವರು ಸ್ತೋತ್ರ ಹೇಳಿ, ಕೆಲಸಕ್ಕೆ ಬೇರೆ ವಚನ ತೆಗೆದುಕೊಳ್ಳಿ.

ಸಿಕ್ಕಿದ ಆಜ್ಞೆ ನಮಗೆ ಅನ್ವಯವೇ

ಯೇಸು ಅಥವಾ ಅಪೊಸ್ತಲರು (ಆತನು ಕಳುಹಿಸಿದ ಶಿಷ್ಯರು) ನೇರವಾಗಿ ಹೇಳಿದ್ದರಲ್ಲಿ ಗೊಂದಲ ಕಡಿಮೆ: ಕ್ಷಮಿಸಿ, ಸುಳ್ಳಾಡಬೇಡಿ, ತಂದೆತಾಯಿಯನ್ನು ಸನ್ಮಾನಿಸಿ, ಅತಿಥಿಸತ್ಕಾರ ಮಾಡಿ. ಯಜ್ಞ, ಶುದ್ಧ-ಅಶುದ್ಧ ಆಹಾರ, ಸುನ್ನತಿಯಂಥ ನಿಯಮಗಳ ಹೊರೆ ನಮ್ಮ ಮೇಲಿಲ್ಲ. ಮಾರ್ಕ 7:19 ಮತ್ತು ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿದರೆ ಸಾಕು. ಮೂರನೆಯ ಗುಂಪು ಕೂಲಿ, ಸಾಲ, ಅಳತೆ-ತೂಕ, ಹಕ್ಕಲು ಆಯುವ ಬಡವರ ಪಾಲು ಮುಂತಾದ ಇಸ್ರಾಯೇಲಿನ ಲೌಕಿಕ ಕಾಯಿದೆಗಳು. ಅವು ನಮಗೆ ಕಾನೂನಲ್ಲ. ಆದರೆ ದೇವರು ಯಾವುದನ್ನು ನ್ಯಾಯ ಎಂದುಕೊಳ್ಳುತ್ತಾನೆಂದು ಲೆಕ್ಕಸಮೇತ ತೋರಿಸುತ್ತವೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬ ಅನುಮಾನ ಬಂದಾಗ ಆ ಲೆಕ್ಕವನ್ನೇ ಹಿಡಿದರೆ ತಪ್ಪಾಗದು.

ಧರ್ಮೋಪದೇಶಕಾಂಡ 28ರ ಬಗ್ಗೆ ಒಂದು ಎಚ್ಚರಿಕೆ. ಆ ಅಧ್ಯಾಯದ 1ರಿಂದ 14ರವರೆಗೆ ಆಶೀರ್ವಾದ, 15ರಿಂದ 68ರವರೆಗೆ ಶಾಪ. ವಾಗ್ದತ್ತ ದೇಶಕ್ಕೆ ಕಾಲಿಡಲಿದ್ದ ಒಂದು ಜನಾಂಗದೊಂದಿಗಿನ ಒಡಂಬಡಿಕೆ ಅದು; ಮಳೆ, ದನಕರು, ಹಿಟ್ಟು ನಾದುವ ಪಾತ್ರೆ, ಗಡಿಯ ಶತ್ರುಗಳು ಅದರ ವಿಷಯ. ಒಬ್ಬ ನೌಕರನ ಪ್ರಮೋಷನ್‌ಗೆ ಅದನ್ನು ಸೂತ್ರ ಮಾಡಿಕೊಳ್ಳುವುದೂ ಸರಿಯಲ್ಲ, ಮಗುವಿಗೆ ಜ್ವರ ಬಂದರೆ ಯಾವ ಆಜ್ಞೆ ತಪ್ಪಿತೋ ಎಂದು ಶಾಪದ ಪಟ್ಟಿ ತಿರುವುವುದೂ ಸರಿಯಲ್ಲ. ಗಲಾತ್ಯದವರಿಗೆ 3:13ರ ಪ್ರಕಾರ ಆ ಶಾಪವನ್ನು ಕ್ರಿಸ್ತನು ತನ್ನ ಮೇಲೆ ತೆಗೆದುಕೊಂಡಾಗಿದೆ. ಕ್ರೈಸ್ತನು ವಿಧೇಯನಾಗುವುದು ಈಗಾಗಲೇ ದೇವರ ಮಗನೆನಿಸಿಕೊಂಡವನಾಗಿ.

ಹೆಸರು, ಮೊತ್ತ, ತಾರೀಕು

‘ಈ ವರ್ಷ ಹೆಚ್ಚು ಪ್ರೀತಿಯಿಂದ ಇರುತ್ತೇನೆ’ ಎಂಬುದು ಒಳ್ಳೆಯ ಆಸೆ, ವಿಧೇಯತೆಯಲ್ಲ. ‘ಬರುವ ಶನಿವಾರ ಸಂಜೆಯೊಳಗೆ ಅತ್ತಿಗೆಗೆ ಫೋನ್ ಮಾಡಿ, ಒಡವೆಯ ವಿಷಯದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ’ ಎಂಬುದು ಕೆಲಸ. ಪರೀಕ್ಷೆ ಸುಲಭ: ಶನಿವಾರ ರಾತ್ರಿ ಇನ್ನೊಬ್ಬರು ಕೇಳಿದರೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬರಬೇಕು. ‘ಪ್ರಯತ್ನ ಮಾಡ್ತಾ ಇದೀನಿ’ ಎಂಬ ಉತ್ತರ ಬರುವಂತಿದ್ದರೆ ಬರೆದದ್ದು ಇನ್ನೂ ಮಸುಕಾಗಿದೆ, ತಿದ್ದಿ ಬರೆಯಿರಿ.

ಒಂದು ಸಲಕ್ಕೆ ಒಂದೇ ಕೆಲಸ. ಯಾವುದು ಮೊದಲು ಎಂಬುದಕ್ಕೆ, ದೇವರೇ ನನ್ನ ಹೃದಯವನ್ನು ಪರೀಕ್ಷಿಸು ಎಂದು ಬೇಡುವ ಕೀರ್ತನೆ 139:23-24ನ್ನು ಪ್ರಾರ್ಥನೆಯಾಗಿ ಹೇಳಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಮನಸ್ಸಿಗೆ ಬಂದದ್ದನ್ನು ಬರೆಯಿರಿ. ಸಾಮಾನ್ಯವಾಗಿ ಬರುವುದು ಒಬ್ಬರ ಹೆಸರು, ಇಲ್ಲವೇ ಒಂದು ಮೊತ್ತ. ಬಹಳ ದಿನದಿಂದ ಗೊತ್ತಿದ್ದೂ ಪಕ್ಕಕ್ಕೆ ಸರಿಸುತ್ತ ಬಂದದ್ದೇ ಮೊದಲು. ಹೆಸರೂ ಇಲ್ಲದ, ಕೆಲಸವೂ ಇಲ್ಲದ, ‘ನಾನು ಸರಿಯಿಲ್ಲ’ ಎಂಬ ಬರೀ ಭಾರ ಮನಸ್ಸಿನಲ್ಲಿ ಉಳಿದರೆ ಅದನ್ನು ಪಟ್ಟಿಗೆ ಸೇರಿಸಬೇಡಿ. ಪವಿತ್ರಾತ್ಮನು ಎಚ್ಚರಿಸುವಾಗ ಮಾಡಬೇಕಾದ್ದನ್ನೂ ತೋರಿಸುತ್ತಾನೆ. ಏನನ್ನೂ ತೋರಿಸದೆ ಕೊರೆಯುವ ಭಯವನ್ನು ಸಭಾಪಾಲಕರ ಹತ್ತಿರವೋ, ವಾರಗಟ್ಟಲೆ ನಿದ್ದೆ ಊಟ ಕೆಡಿಸಿದ್ದರೆ ವೈದ್ಯರ ಹತ್ತಿರವೋ ಹೇಳಿಕೊಳ್ಳಬೇಕು.

ಹಣ ತಿರುಗಿ ಕೊಡಬೇಕಾದಾಗ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಹುಪಾಲು ಜನ ನಿಲ್ಲುವುದೇ ಇಲ್ಲಿ, ಸತ್ಯವೇದ ಅಂಕಿ ಕೊಟ್ಟು ಮಾತಾಡುವುದೂ ಇಲ್ಲೇ.

ಯಾಜಕಕಾಂಡ 6ರ ಆರಂಭದಲ್ಲಿ ಇರುವ ನಿಯಮ: ಒತ್ತೆಯಿಟ್ಟದ್ದನ್ನು ಇಲ್ಲವೆಂದವನು, ಕಸಿದುಕೊಂಡವನು, ಮೋಸದಿಂದ ಗಳಿಸಿದವನು, ಬಿದ್ದು ಸಿಕ್ಕಿದ್ದನ್ನು ಸಿಕ್ಕಿಲ್ಲವೆಂದು ಆಣೆಯಿಟ್ಟವನು ಮೂಲವನ್ನು ಪೂರ್ತಿ ಕೊಟ್ಟು, ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. 15,000 ರೂಪಾಯಿ ಮೋಸ ಮಾಡಿದ್ದರೆ 3,000 ಸೇರಿಸಿ 18,000. ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ವಿಮೋಚನಕಾಂಡ 22:1 ಹೇಳುವ ದರ ಅದು. ಎಲ್ಲರೂ ನಾಲ್ಕರಷ್ಟು ಕೊಡಬೇಕೆಂದಿಲ್ಲ. ಪ್ರಾಮಾಣಿಕವಾಗಿ ತೆಗೆದುಕೊಂಡು ತಡವಾದ ಕೈಸಾಲಕ್ಕೆ ಐದನೆಯ ಪಾಲೂ ಬೇಕಿಲ್ಲ. ಅಲ್ಲಿ ಬೇಕಾದ್ದು ಸಾಲ ಮತ್ತು ‘ತಡವಾಯಿತು’ ಎಂಬ ಮಾತು.

ಮಾಡುವ ಕ್ರಮ: ಯಾರಿಗೆ, ಯಾವ ವರ್ಷ, ಎಷ್ಟು ಎಂದು ಬರೆಯಿರಿ. ನೆನಪು ಮಸುಕಾಗಿದ್ದರೆ ಹೆಚ್ಚಿನ ಅಂದಾಜನ್ನೇ ಹಿಡಿಯಿರಿ. ಆದಷ್ಟು ಎದುರಿಗೆ ಹೋಗಿ ಕೊಡಿ. ಊರು ದೂರವಾದರೆ ಮೊದಲು ಫೋನ್ ಮಾಡಿ ವಿಷಯ ಹೇಳಿ, ಆಮೇಲೆ ಯುಪಿಐ. ಏನೂ ಹೇಳದೆ ಖಾತೆಗೆ ಹಣ ಹಾಕಿದರೆ ಅವರಿಗೆ ಅದು ಯಾವ ದುಡ್ಡೆಂದೇ ತಿಳಿಯುವುದಿಲ್ಲ. ಒಟ್ಟಿಗೆ ಆಗದಿದ್ದರೆ ಕಂತು ಕೇಳಿ. ‘ತಿಂಗಳಿಗೆ 3,000, ಆರು ತಿಂಗಳು, 5ನೇ ತಾರೀಕು’ ಎಂದು ಅವರೆದುರೇ ಬರೆದುಕೊಡಿ. ಆ ವ್ಯಕ್ತಿ ತೀರಿಹೋಗಿದ್ದರೆ ವಾರಸುದಾರರಿಗೆ. ಯಾರೂ ಇಲ್ಲದಿದ್ದರೆ, ಅರಣ್ಯಕಾಂಡ 5:8ರಲ್ಲಿ ಅದು ಯಾಜಕನ ಮೂಲಕ ದೇವರಿಗೆ ಸಲ್ಲುತ್ತದೆ. ಇಂದು ಅದನ್ನು ಸಭೆಯ ಬಡವರ ನಿಧಿಗೆ ಕೊಡಬಹುದು. ಆದರೆ ಹಕ್ಕುದಾರರು ಬದುಕಿರುವಾಗ ಅವರ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕುವುದು ಇನ್ನೊಬ್ಬರ ದುಡ್ಡಿನಲ್ಲಿ ಭಕ್ತಿ ತೋರಿಸಿದಂತೆ.

ಆಫೀಸಿನ ಸುಳ್ಳು ಬಿಲ್ಲು, ಮುಚ್ಚಿಟ್ಟ ತೆರಿಗೆ, ಮೀಟರ್ ತಪ್ಪಿಸಿದ ಕರೆಂಟು ಇವೆಲ್ಲ ಇದೇ ಪಟ್ಟಿಗೆ ಸೇರುತ್ತವೆ. ತೆರಿಗೆಗೆ ರಿಟರ್ನ್ ತಿದ್ದಿ ಸಲ್ಲಿಸುವ ದಾರಿಯಿದೆ, ಅದಕ್ಕೆ ಗಡುವೂ ಇದೆ, ಆಡಿಟರನ್ನು ಕೇಳಿ. ಮೊಕದ್ದಮೆಯಾಗಬಹುದಾದ ವಿಷಯವಿದ್ದರೆ ಮೊದಲು ವಕೀಲರ ಹತ್ತಿರ ಮಾತಾಡಿ ಹೋಗುವುದು ಹೇಡಿತನವೇನಲ್ಲ.

ಕೂಲಿಯದು ಇನ್ನೂ ಬಿಗಿಯಾದ ಗಡುವು. ಯಾಜಕಕಾಂಡ 19:13 ಮರುದಿನ ಬೆಳಗಿನವರೆಗೂ ಹಿಡಿದಿಡಬಾರದು ಎನ್ನುತ್ತದೆ, ಧರ್ಮೋಪದೇಶಕಾಂಡ 24:15 ಹೊತ್ತು ಮುಳುಗುವ ಮೊದಲೇ ಕೊಡು ಎನ್ನುತ್ತದೆ, ಕಾರಣವನ್ನೂ ಹೇಳುತ್ತದೆ: ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತಾನೆ ಯಾಕೋಬ (5:4). ಹಾಗಾಗಿ ಮನೆಗೆಲಸದವರ ಸಂಬಳ 1ನೇ ತಾರೀಕೆಂದು ಮಾತಾಗಿದ್ದರೆ 1ನೇ ತಾರೀಕೇ, ‘ಸಂಬಳ ಆಗ್ಲಿ, 7ಕ್ಕೆ ಕೊಡ್ತೀನಿ’ ಅಲ್ಲ. ತೋಟದ ಆಳುಗಳಿಗೆ ಶನಿವಾರದ ಬಟವಾಡೆ ಶನಿವಾರವೇ. ಸಭೆಯ ಸುಗ್ಗಿ ಹಬ್ಬಕ್ಕೆ ಬಾಳೆಗೊನೆ ತಂದು ಹರಾಜಿನಲ್ಲಿ ಹೆಚ್ಚಿಗೆ ಕೂಗುವ ಮುಂಚೆ ಆ ಗೊನೆ ಕಡಿದವನ ಲೆಕ್ಕ ಚುಕ್ತಾ ಆಗಿರಲಿ.

ದಶಮಾಂಶದ ಬಗ್ಗೆ ಚಿಕ್ಕದಾಗಿ: 24,000 ರೂಪಾಯಿ ಸಂಬಳಕ್ಕೆ 2,400. ಹೊಸ ಒಡಂಬಡಿಕೆ ಒತ್ತಿ ಹೇಳುವುದು ಕ್ರಮವನ್ನೂ ಮನಸ್ಸನ್ನೂ: ವಾರದ ಮೊದಲ ದಿನ, ಸಂಪಾದನೆಗೆ ತಕ್ಕಂತೆ ತೆಗೆದಿಡುವುದು (1 ಕೊರಿಂಥ 16:2), ಬಲಾತ್ಕಾರದಿಂದಲ್ಲ (2 ಕೊರಿಂಥ 9:7). ಬಡ್ಡಿಗೆ ಸಾಲ ತಂದು ಕಾಣಿಕೆ ಕೊಡಬೇಡಿ. ಪುದೀನ ಸೊಪ್ಪಿನಲ್ಲೂ ಹತ್ತರಲ್ಲೊಂದು ಎಣಿಸಿ ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟವರಿಗೆ ಯೇಸು ಏನೆಂದನೆಂದು ಮತ್ತಾಯ 23:23ರಲ್ಲಿದೆ.

ಮುರಿದ ಸಂಬಂಧದ ಕಡೆಗೆ

ಮತ್ತಾಯ 5:23-24ರಲ್ಲಿ ಕ್ರಮ ಸ್ಪಷ್ಟ: ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗು, ಒಂದಾಗು, ಆಮೇಲೆ ಬಂದು ಅರ್ಪಿಸು. ಅಲ್ಲಿ ಹೋಗಬೇಕಾದವನು ‘ನಿನ್ನ ಮೇಲೆ ಸಹೋದರನಿಗೆ ಏನೋ ವಿರೋಧವಿದೆ’ ಎಂದು ನೆನಪಾದವನು. ಮತ್ತಾಯ 18:15ರಲ್ಲಿ ಹೋಗಬೇಕಾದವನು ತಪ್ಪಿಗೆ ಒಳಗಾದವನು. ಎರಡನ್ನೂ ಕೂಡಿಸಿದರೆ ‘ಅವರೇ ಮೊದಲು ಬರಲಿ’ ಎನ್ನಲು ಯಾರಿಗೂ ಜಾಗ ಉಳಿಯುವುದಿಲ್ಲ. ಪ್ರಭುಭೋಜನದ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಹಿಂದಿನ ವಾರ ಇದಕ್ಕೆ ತಕ್ಕ ಗಡುವು.

ಹೇಳಬೇಕಾದ್ದು ಮೂರೇ ವಾಕ್ಯ. ‘ನಾನು ಇಂಥದ್ದನ್ನು ಮಾಡಿದೆ. ಅದು ತಪ್ಪು. ಕ್ಷಮಿಸಿ.’ ಕೆಡುವುದು ನಾಲ್ಕನೇ ವಾಕ್ಯದಿಂದ. ಅದು ‘ಆದರೆ’ ಎಂದು ಶುರುವಾಗುತ್ತದೆ. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂಬುದೂ ಬೇಡ, ಅದು ತಪ್ಪನ್ನು ಅವರ ಬೇಜಾರಿಗೆ ದಾಟಿಸುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜ್ ಹಾಕಿ ಮುಗಿಸಬೇಡಿ. ಎಲ್ಲರೆದುರು ಅವಮಾನ ಮಾಡಿದ್ದರೆ ಮಾತ್ರ ಎಲ್ಲರೆದುರು ಕ್ಷಮೆ. ಅವರು ಕ್ಷಮಿಸದೆ ಬಾಗಿಲು ಹಾಕಿಕೊಂಡರೂ ನಿಮ್ಮ ಕೆಲಸ ಆಯಿತು. ರೋಮಾಪುರದವರಿಗೆ 12:18 ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಂದಷ್ಟೇ ಕೇಳುತ್ತದೆ.

ಇಲ್ಲೊಂದು ಗೆರೆ ಎಳೆಯಲೇಬೇಕು. ಹೊಡೆತ, ಲೈಂಗಿಕ ದೌರ್ಜನ್ಯ, ಜೀವಭಯ ಇರುವಲ್ಲಿ ಪೆಟ್ಟು ತಿಂದವರು ‘ವಿಧೇಯತೆ’ಗಾಗಿ ಮರಳಿ ಅದೇ ಮನೆಗೆ ಹೋಗಬೇಕಿಲ್ಲ. ಮನಸ್ಸಿನಲ್ಲಿ ಕ್ಷಮಿಸುವುದು ಬೇರೆ, ಒಟ್ಟಿಗಿರುವುದು ಬೇರೆ, ಪೊಲೀಸರಿಗೆ ದೂರು ಕೊಡುವುದು ಮತ್ತೂ ಬೇರೆ. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ ದೂರು ಕೊಡುವುದೇ ಕಾನೂನು, ‘ಸಭೆಯ ಹೆಸರು ಕೆಡುತ್ತೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

‘ದೇವರು ನನಗೆ ಹೇಳಿದರು, ನೀವು ಹೀಗೆ ಮಾಡಬೇಕಂತೆ’

ವಿಧೇಯತೆಯ ಹೆಸರಿನಲ್ಲಿ ಅತಿ ಹೆಚ್ಚು ಹಾನಿಯಾಗುವುದು ಈ ಮಾತಿನಿಂದ. 1 ಅರಸುಗಳು 13ನೇ ಅಧ್ಯಾಯವನ್ನು ಸಭೆಯಲ್ಲಿ ಯಾಕೆ ಹೆಚ್ಚು ಓದುವುದಿಲ್ಲವೋ! ಯೆಹೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನಿಗೆ ಅಲ್ಲಿ ಅನ್ನ ನೀರು ಮುಟ್ಟಬಾರದು, ಬಂದ ದಾರಿಯಲ್ಲೇ ಹಿಂದಿರುಗಬಾರದು ಎಂಬ ಅಪ್ಪಣೆಯಿತ್ತು. ಅರಸನ ಆಮಂತ್ರಣವನ್ನು ಅವನು ಒಲ್ಲೆನೆಂದ. ಮುದಿ ಪ್ರವಾದಿಯೊಬ್ಬ ‘ದೇವದೂತನು ನನಗೆ ಹೇಳಿದ’ ಎಂದು ಸುಳ್ಳು ಹೇಳಿದಾಗ ಮಾತ್ರ ನಂಬಿ ಹಿಂದಿರುಗಿ ಊಟ ಮಾಡಿದ. ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಕೆಡುಕು ಬಂದದ್ದು ಧರ್ಮದ ಮಾತಿನ ವೇಷದಲ್ಲಿ, ಹಿರಿಯನ ಬಾಯಿಂದ.

ಯಾರಾದರೂ ‘ಕರ್ತನು ಹೇಳಿದನು’ ಎಂದರೆ ಹೀಗೆ ಮಾಡಿ. ಆ ಮಾತನ್ನು ಅವರೆದುರೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಬರೆಯುತ್ತೇನೆಂದರೆ ಕೆಲವು ಪ್ರವಾದನೆಗಳು ಅಲ್ಲಿಯೇ ಮೆತ್ತಗಾಗುತ್ತವೆ. ಬೆರೋಯ ಪಟ್ಟಣದವರು ಪೌಲನ ಮಾತನ್ನೇ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು (ಅಪೊಸ್ತಲರ ಕೃತ್ಯಗಳು 17:11), ನೀವೂ ನೋಡಿ. ಹೇಳಿದವರಿಗೆ ಅದರಿಂದ ಹಣ, ಜಮೀನು, ಅಧಿಕಾರ ಸಿಗುತ್ತದೆಯೇ? ಗುಟ್ಟಾಗಿಡಲು ಹೇಳಿದರೇ? ಹೌದಾದರೆ ಅಲ್ಲಿಗೆ ನಿಲ್ಲಿಸಿ. ಉಳಿದದ್ದಕ್ಕೆ, ಆ ವಿಷಯದಲ್ಲಿ ಲಾಭವಿಲ್ಲದ ಇಬ್ಬರು ಹಿರಿಯರನ್ನು ಕೇಳಿ. ಜಮೀನು ಮಾರಾಟದಂಥದ್ದಕ್ಕೆ ಕಡಿಮೆಯೆಂದರೂ ಒಂದು ತಿಂಗಳು ಬಿಡಿ. ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟುಕೊಂಡು, ಪೂರ್ತಿ ತಂದವನಂತೆ ನಟಿಸಿದ ಅನನೀಯನಿಗೆ ಪೇತ್ರನೇ ಹೇಳಿದ: ಹೊಲ ನಿನ್ನದಾಗಿತ್ತು, ಮಾರಿದ ಮೇಲೂ ಹಣ ನಿನ್ನ ವಶದಲ್ಲಿತ್ತು. ಮಾರಲೇಬೇಕೆಂಬ ಒತ್ತಾಯ ಇರಲಿಲ್ಲ, ತಪ್ಪಾದದ್ದು ಸುಳ್ಳು.

ಮಾತ್ರೆ, ಇನ್ಸುಲಿನ್, ಡಯಾಲಿಸಿಸ್ ನಿಲ್ಲಿಸಿ ನಂಬಿಕೆ ತೋರಿಸಿ ಎಂಬ ಮಾತಿಗೆ ಯಾವ ಪರೀಕ್ಷೆಯೂ ಬೇಡ. ಅರಸ ಹಿಜ್ಕೀಯನಿಗೆ ಗುಣವಾಗುವುದೆಂಬ ವಾಗ್ದಾನ ಸಿಕ್ಕಿದ ಮೇಲೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಮುದ್ದೆ ಕಟ್ಟಿಸಿದ.

ಎಡವುವುದು ಎಲ್ಲಿ

ಅರಸ ಸೌಲನ ಕಥೆ (1 ಸಮುವೇಲ 15) ಅರ್ಧ ವಿಧೇಯತೆಯ ಪೂರ್ತಿ ನಕಾಶೆ. ಅಮಾಲೇಕ್ಯರನ್ನು ಕುರಿ-ದನಗಳ ಸಮೇತ ಪೂರ್ತಿ ನಾಶಮಾಡು ಎಂಬ ಆ ಅಪ್ಪಣೆಯ ಕಠಿಣತೆ ಬೇರೆಯೇ ದೊಡ್ಡ ಪ್ರಶ್ನೆ. ಇಲ್ಲಿ ಗಮನಿಸಬೇಕಾದ್ದು ಸೌಲನ ಮಾತಿನ ಜಾಡು. ಮೊದಲು ‘ಕರ್ತನ ಅಪ್ಪಣೆ ನೆರವೇರಿಸಿದ್ದೇನೆ’ ಎಂದ. ಕುರಿಗಳ ಕೂಗು ಕೇಳುತ್ತಿದೆಯಲ್ಲ ಎಂದು ಪ್ರವಾದಿ ಸಮುವೇಲ ಕೇಳಿದಾಗ ‘ಜನರು ಉಳಿಸಿಕೊಂಡರು’ ಎಂದ. ಆಮೇಲೆ ‘ಯಜ್ಞಕ್ಕಾಗಿ’ ಎಂದ. ಕೊನೆಗೆ, 24ನೇ ವಚನದಲ್ಲಿ, ಜನರಿಗೆ ಹೆದರಿದೆನೆಂದು ಒಪ್ಪಿಕೊಂಡ. ನಿಮ್ಮ ನೋಟ್‌ಬುಕ್‌ನಲ್ಲಿ ‘ಆಗಲಿಲ್ಲ’ ಎಂದು ಬರೆದ ವಾರ ಕಾರಣವನ್ನೂ ಬರೆಯಿರಿ. ಈ ನಾಲ್ಕರಲ್ಲಿ ಯಾವುದಕ್ಕೆ ಹೋಲುತ್ತದೆಂದು ಕಾಣಿಸುತ್ತದೆ.

ತಡಮಾಡಿ ಮಾಡುವುದು ಇನ್ನೊಂದು. ಅರಣ್ಯಕಾಂಡ 14ರಲ್ಲಿ ಇಸ್ರಾಯೇಲ್ ಜನ, ದೇವರು ವಾಗ್ದತ್ತ ದೇಶಕ್ಕೆ ಹೋಗು ಎಂದಾಗ ಹೋಗಲಿಲ್ಲ, ಹೋಗಬೇಡ ಎಂದ ಮರುದಿನ ಬೆಟ್ಟ ಹತ್ತಿದರು, ಶತ್ರುಗಳಿಂದ ಹೊರ್ಮ ಎಂಬಲ್ಲಿಯವರೆಗೆ ಹೊಡೆಸಿಕೊಂಡರು. ಕುಷ್ಠ ವಾಸಿಯಾಗಲೆಂದು ಪ್ರವಾದಿಯ ಬಳಿಗೆ ಬಂದ ನಾಮಾನನದು ತಿರುವುಮುರುವು: ಕೆಲಸ ತೀರಾ ಸಣ್ಣದಾಯಿತೆಂದು ಸಿಟ್ಟು. ಯೊರ್ದನಿನಲ್ಲಿ ಏಳು ಸಾರಿ ಮುಳುಗುವುದಕ್ಕಿಂತ ದೊಡ್ಡದೇನಾದರೂ ಹೇಳಿದ್ದರೆ ಕೂಡಲೇ ಮಾಡುತ್ತಿದ್ದ. ನಲವತ್ತು ದಿನದ ಉಪವಾಸಕ್ಕೆ ತಯಾರಿದ್ದು, ತಮ್ಮನಿಗೆ ಒಂದು ಫೋನ್ ಮಾಡಲು ತಯಾರಿಲ್ಲದವರು ಅವನ ಬಳಗ.

ಮುಂಗಡ ಕೂಡಿಡುವ ಆಸೆಯೂ ಉಂಟು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ ಮನ್ನಾ, ದಿನಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್; ಮಿಗಿಸಿಟ್ಟದ್ದರಲ್ಲಿ ಹುಳ ಬಿತ್ತು, ಸಬ್ಬತ್ತಿಗೆಂದು (ವಿಶ್ರಾಂತಿಯ ದಿನಕ್ಕೆಂದು) ಅಪ್ಪಣೆಯಂತೆ ಕೂಡಿಸಿದ ಆರನೇ ದಿನದ ಎರಡು ಓಮೆರ್‌ನಲ್ಲಿ ಬೀಳಲಿಲ್ಲ. ಹೋದ ವರ್ಷ ಮಾಡಿದ ದೊಡ್ಡ ತ್ಯಾಗ ಈ ವಾರದ ಸಣ್ಣ ಅಪ್ಪಣೆಗೆ ಸಾಲುವುದಿಲ್ಲ. ತಪ್ಪಿದರೆ 1 ಯೋಹಾನ 1:9ರಂತೆ ಅರಿಕೆ ಮಾಡಿ, ತಾರೀಕು ಬದಲಿಸಿ ಬರೆಯಿರಿ. ಒಂದೇ ಕೆಲಸ ಮೂರು ಸಲ ಮುಂದೆ ಹೋದರೆ ಒಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆಶೀರ್ವಾದವನ್ನು ಎಲ್ಲಿ ನೋಡುವುದು

ವಿಧೇಯತೆಗೆ ಸಂಬಳದ ಚೀಟಿ ಇಲ್ಲ. ಲೂಕ 17:10ರ ಪ್ರಕಾರ, ಹೇಳಿದ್ದೆಲ್ಲ ಮಾಡಿದ ಮೇಲೂ ನಾವು ಕರ್ತವ್ಯ ಮಾಡಿದ ಆಳುಗಳು. ಎಫೆಸದವರಿಗೆ 1:3 ಆತ್ಮಿಕ ಆಶೀರ್ವಾದಗಳೆಲ್ಲ ಕ್ರಿಸ್ತನಲ್ಲಿ ಈಗಾಗಲೇ ಸಿಕ್ಕಿವೆ ಎನ್ನುತ್ತದೆ. ಹಾಗಾದರೆ ವಿಧೇಯನಿಗೆ ಸಿಗುವುದೇನು? ಯಾಕೋಬ 1:25 ಹೇಳುವುದು, ವಾಕ್ಯದ ಪ್ರಕಾರ ನಡೆಯುವವನು ಆ ನಡೆಯುವುದರಲ್ಲೇ ಧನ್ಯನಾಗುತ್ತಾನೆ. ಸಾಲ ತೀರಿಸಿದವನು ಆ ಅಂಗಡಿಯ ಮುಂದೆ ತಲೆಯೆತ್ತಿ ನಡೆಯುತ್ತಾನೆ, ಸುಳ್ಳು ಬಿಟ್ಟವನಿಗೆ ಯಾರಿಗೆ ಏನು ಹೇಳಿದ್ದೆನೆಂದು ನೆನಪಿಟ್ಟುಕೊಳ್ಳುವ ಕೆಲಸ ತಪ್ಪುತ್ತದೆ. ಇವನ್ನು ಲೆಕ್ಕಕ್ಕೆ ಹಿಡಿಯದವರು ಆಶೀರ್ವಾದವೆಂದರೆ ಕಾರು, ಸೈಟು ಎಂದೇ ಕಾಯುತ್ತಿರುತ್ತಾರೆ.

ನಷ್ಟವೂ ಆಗುತ್ತದೆ. ಲಂಚ ಕೊಡದವನ ಫೈಲು ನಿಲ್ಲುತ್ತದೆ, ಸರಿಯಾಗಿ ತೂಗಿದವನ ಲಾಭ ಇಳಿಯುತ್ತದೆ. ಇಬ್ರಿಯರಿಗೆ 11ರಲ್ಲಿ ನಂಬಿಕೆಯಿಂದ ಸಿಂಹದ ಬಾಯಿ ಕಟ್ಟಿದವರೂ ಇದ್ದಾರೆ, ಅದೇ ನಂಬಿಕೆಯಿಂದ ಗರಗಸಕ್ಕೆ ಸಿಕ್ಕಿದವರೂ ಇದ್ದಾರೆ. ಲೂಕ 5ರ ಮೀನಿನ ಕಥೆಯಲ್ಲಿ, ಯೇಸುವಿನ ಮಾತಿನಂತೆ ಬಲೆ ಹಾಕಿದಾಗ ಎರಡು ದೋಣಿ ಮುಳುಗುವಷ್ಟು ಮೀನು ಬಂತೆಂಬುದನ್ನು ಸಭೆಯಲ್ಲಿ ಹೇಳುವ ಸಾಕ್ಷಿಗಳಲ್ಲಿ ಕೇಳುತ್ತೇವೆ. 11ನೇ ವಚನದಲ್ಲಿ ಸೀಮೋನನೂ ಜೊತೆಗಾರರೂ ದಡಕ್ಕೆ ಬಂದು ಎಲ್ಲವನ್ನೂ ಬಿಟ್ಟು ಹೊರಟರು. ಮೀನಿನ ದುಡ್ಡು ಅವರ ಕೈಗೆ ಬಂದ ಸುದ್ದಿ ಅಲ್ಲಿಲ್ಲ.

ಕೈಗೆ ಬಂದದ್ದೂ ಮುಂದೆ ಹೋಗಲಿಕ್ಕೆ ಬಂದದ್ದು. ಅಬ್ರಹಾಮನಿಗೆ ‘ನಿನ್ನನ್ನು ಆಶೀರ್ವದಿಸುವೆನು’ ಎಂದ ವಚನದಲ್ಲೇ ‘ನೀನು ಆಶೀರ್ವಾದಕ್ಕೆ ಕಾರಣನಾಗುವಿ’ ಎಂದಿದೆ (ಆದಿಕಾಂಡ 12:2). ಸಂಬಳ ಹೆಚ್ಚಾದ ತಿಂಗಳು, ಹೆಚ್ಚಾದ ಮೊತ್ತದಲ್ಲಿ ಎಷ್ಟು ಯಾರಿಗೆ ಎಂಬುದನ್ನು ಇಎಂಐ ಲೆಕ್ಕ ಹಾಕುವ ಮೊದಲೇ ಬರೆದುಬಿಡಿ.

ನೋಟ್‌ಬುಕ್‌ನ ಎಡಪುಟದಲ್ಲಿ ಮಾಡಿದ ಕೆಲಸ, ಬಲಪುಟದಲ್ಲಿ ಆಮೇಲೆ ಆದದ್ದು. ಎಡಪುಟ ವಾರಕ್ಕೊಮ್ಮೆ, ಬಲಪುಟ ಮೂರು ತಿಂಗಳಿಗೊಮ್ಮೆ ಮಾತ್ರ ತುಂಬಿ. ದಿನವೂ ಬಲಪುಟ ನೋಡುವ ಅಭ್ಯಾಸ ಬೇಗನೇ ದೇವರೊಂದಿಗೆ ಚೌಕಾಸಿಗೆ ಇಳಿಸುತ್ತದೆ. ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯಿರಿ.

ಸಾಕ್ಷಿ ಹೇಳುವಾಗ

ಸಭೆಯಲ್ಲಿ ಹೇಳುವುದಾದರೆ ಮೂರು ನಿಮಿಷ ಸಾಕು. ಮೊದಲು ವಚನ, ಆಮೇಲೆ ಮಾಡಿದ ಕೆಲಸ, ಕೊನೆಗೆ ಆದದ್ದು. ಬೇರೆಯವರ ಹೆಸರು, ಊರು, ಗುರುತು ಸಿಗುವ ವಿವರ ಬೇಡ. ನೀವು ಯಾರ ಹತ್ತಿರ ಕ್ಷಮೆ ಕೇಳಿದಿರೋ ಅವರ ಒಪ್ಪಿಗೆಯಿಲ್ಲದೆ ಆ ಜಗಳವನ್ನು ಮೈಕಿನಲ್ಲಿ ಹೇಳಿದರೆ ಎರಡನೇ ಸಲ ಕ್ಷಮೆ ಕೇಳಬೇಕಾಗುತ್ತದೆ. ಕೊಟ್ಟ ಮೊತ್ತವನ್ನು ಹೇಳಬೇಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎನ್ನುವ ಮತ್ತಾಯ 6:3 ಅದಕ್ಕೇ ಇದೆ. ‘ಹೀಗೆ ಮಾಡಿದರೆ ನಿಮಗೂ ಕೆಲಸ ಸಿಗುತ್ತದೆ’ ಎಂದು ಕೇಳುವವರಿಗೆ ಭರವಸೆ ಕೊಡಬೇಡಿ, ಆ ಮಾತು ಕೊಡಲು ನಮಗೆ ಅಧಿಕಾರವಿಲ್ಲ. ನೀವು ಸತ್ಯ ಹೇಳಿ ಟೆಂಡರ್ ಕಳೆದುಕೊಂಡಿದ್ದು ಇನ್ನೂ ಏನೂ ಸರಿಹೋಗಿಲ್ಲವಾದರೆ, ಅದನ್ನೂ ಹಾಗೆಯೇ ಹೇಳಿ ಕುಳಿತುಕೊಳ್ಳಿ. ಅದೇ ಪರಿಸ್ಥಿತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಆ ಸಾಕ್ಷಿಯೇ ಹೆಚ್ಚು ಬೇಕಾಗಿರುತ್ತದೆ.